ಮುನಿಯ ಕೇಶಲೋಚಕ್ಕೆ ಜಯಘೋಷ, ಗೃಹಸ್ಥನ ಬೊಕ್ಕತಲೆಗೆ ಪರಿಹಾಸ

ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಕೇಶಲೋಚವೂ ಒಂದು. 2 ತಿಂಗಳಿಗೊಮ್ಮೆ ಮಾಡುವ ಲೋಚವು ಉತ್ತಮ, 3 ತಿಂಗಳಿಗಾದರೆ ಮಧ್ಯಮ, 4 ತಿಂಗಳಿಗಾದರೆ ಜಘನ್ಯ ಎಂದು ಮೂಲಾಚಾರವು ವಿಧಿಸುತ್ತದೆ. ಕತ್ತರಿ, ಕ್ಷೌರದ ಕತ್ತಿಗಳ ಹಂಗಿಲ್ಲದೆ ಮುನಿಗಳು ತಮ್ಮ ತಲೆಗೂದಲನ್ನು ಕೈಯಿಂದಲೇ ಕಿತ್ತು ತೆಗೆಯುವಾಗ ಊರಿನ ಶ್ರಾವಕ ಶ್ರಾವಿಕೆಯರೆಲ್ಲ ನೆರೆದು ಜಯಘೋಷ ಮಾಡುತ್ತಾರೆ. ದೇಹದ ಅಲಂಕಾರವು ಎಷ್ಟು ಕ್ಷಣಿಕವೆಂಬ ಪ್ರವಚನ ಕೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಅದೇ ಜನ ಮನೆಗೆ ಮರಳಿದ ಮೇಲೆ, ನೆತ್ತಿ ಬರಿದಾಗುತ್ತಿರುವ ತರುಣನನ್ನು ಕಂಡು ನಗುತ್ತಾರೆ. ಕನ್ಯೆಯ ಜಡೆ ತೆಳುವೆಂದು ಒಳ್ಳೆಯ ಸಂಬಂಧವನ್ನು ತಿರಸ್ಕರಿಸುತ್ತಾರೆ. ಈ ವಿಪರ್ಯಾಸವನ್ನು ಇನ್ನಾದರೂ ಪ್ರಶ್ನಿಸದಿದ್ದರೆ ನಮ್ಮ ಜಯಘೋಷಕ್ಕೆ ಅರ್ಥವಿಲ್ಲ.

ಕೂದಲು ಉದುರುವುದು ಅಷ್ಟು ದೊಡ್ಡ ವಿಷಯವೇ ಎಂದು ಕೆಲವರು ಕೇಳಬಹುದು. ಕೂದಲಿದ್ದವರಿಗೆ ಅದು ಅಲ್ಪ ವಿಷಯವೇ ಸರಿ. ಕಳೆದುಕೊಳ್ಳುತ್ತಿರುವವನಿಗೆ ಕ್ಷೌರದ ದಿನವೇ ಪರೀಕ್ಷೆಯ ದಿನ. ಎದುರಿಗೆ ಕನ್ನಡಿ, ಹಿಂದೆ ಇನ್ನೊಂದು ಕನ್ನಡಿ, ಬೆಂಚಿನ ಮೇಲೆ ಸರದಿ ಕಾಯುತ್ತಿರುವ ಪರಿಚಿತರು. 'ಏನು ಸ್ವಾಮಿ, ಕತ್ತರಿಸುವುದಕ್ಕೆ ಏನು ಉಳಿದಿದೆ?' ಎಂಬ ಒಂದು ಮಾತು ಸಾಕು, ಆತ ಮುಂದಿನ ಕ್ಷೌರವನ್ನು ತಿಂಗಳುಗಟ್ಟಲೆ ಮುಂದೂಡುತ್ತಾನೆ. ಪಕ್ಕದ ಕೂದಲನ್ನು ಉದ್ದ ಬಿಟ್ಟು ನೆತ್ತಿಯ ಮೇಲೆ ಅಡ್ಡಲಾಗಿ ಬಾಚಿಕೊಳ್ಳುತ್ತಾನೆ. ಗಾಳಿ ಬೀಸಿದರೆ ಬೆದರುತ್ತಾನೆ.

ಸ್ತ್ರೀಯರ ಪಾಡು ಇನ್ನೂ ಕಠಿಣ. ಬೋಳಿ, ಮುಂಡೆ ಎಂಬ ಬೈಗುಳಗಳು ಎಲ್ಲಿಂದ ಬಂದವೆಂದು ಯೋಚಿಸಿದ್ದೇವೆಯೇ? ವಿಧವೆಯ ತಲೆ ಬೋಳಿಸುತ್ತಿದ್ದ ಕ್ರೂರ ರೂಢಿಯ ಕಹಿ ಆ ಪದಗಳಲ್ಲಿ ಇಂದಿಗೂ ಉಳಿದಿದೆ. ಆದ್ದರಿಂದಲೇ ರೋಗದಿಂದ ಕೂದಲು ಕಳೆದುಕೊಂಡ ಸುಮಂಗಲಿಯು ಕನ್ನಡಿಗೆ ಹೆದರುವುದಕ್ಕಿಂತ ಹೆಚ್ಚಾಗಿ ನೆರೆಯವರ ನಾಲಗೆಗೆ ಹೆದರುತ್ತಾಳೆ. ಕದ ಮುಚ್ಚಿದ ಕೋಣೆಯಲ್ಲಿ ತಾಯಿಯಿಂದಲೋ ಸೋದರಿಯಿಂದಲೋ ಕೂದಲು ಕತ್ತರಿಸಿಕೊಂಡು, ಬಸದಿಗೂ ಮದುವೆಮನೆಗೂ ಹೋಗುವುದನ್ನೇ ಬಿಡುತ್ತಾಳೆ.

ಆಗಮವು ಈ ವಿಷಯದಲ್ಲಿ ಮೌನವಾಗಿಲ್ಲ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ 8 ಮದಗಳಲ್ಲಿ ಶರೀರದ ಮದವೂ ಸೇರಿದೆ. ದಟ್ಟ ಕೂದಲಿನ ಹೆಮ್ಮೆಯಿಂದ ಇನ್ನೊಬ್ಬನನ್ನು ಹೀಗಳೆಯುವುದು ಈ ಮದವಲ್ಲದೆ ಮತ್ತೇನು? ಹಾಸ್ಯ ಮತ್ತು ಜುಗುಪ್ಸೆಗಳು 9 ನೋಕಷಾಯಗಳ ಪಟ್ಟಿಯಲ್ಲಿವೆ. ಸಮ್ಯಗ್ದರ್ಶನದ 8 ಅಂಗಗಳಲ್ಲಿ ನಿರ್ವಿಚಿಕಿತ್ಸೆಯೂ ಒಂದು; ರೋಗಗ್ರಸ್ತ ದೇಹವನ್ನು ಕಂಡು ಹೇಸದೆ ಸೇವೆ ಮಾಡಿದ ಉದ್ದಾಯನ ರಾಜನ ಕಥೆಯನ್ನು ನಮ್ಮ ಮಕ್ಕಳಿಗೆ ಪಾಠಶಾಲೆಯಲ್ಲಿ ಹೇಳಿಕೊಡುತ್ತೇವೆ. ಪಾಠ ಮುಗಿದ ಮೇಲೆ ಅದೇ ಮಕ್ಕಳು ಸಹಪಾಠಿಯನ್ನು 'ಬೋಡ' ಎಂದು ಕೂಗಿದರೆ ನಾವೂ ನಗುತ್ತೇವೆ.

ಪರಿಹಾಸದಷ್ಟೇ ಕ್ರೂರವಾದ ಇನ್ನೊಂದು ವರ್ತನೆಯಿದೆ. ಅದು ಅಕಾಲದ ಉಪದೇಶ. 'ದೇಹವೇ ಅನಿತ್ಯ, ಕೂದಲಿಗೇಕೆ ಅಳುತ್ತೀ?' ಎಂದು ಬೋಧಿಸುವವರಲ್ಲಿ ಎಷ್ಟು ಮಂದಿ ನರೆಗೂದಲಿಗೆ ಬಣ್ಣ ಹಚ್ಚದವರು? ಮುನಿಗಳು ವೈರಾಗ್ಯದಿಂದ, ಸ್ವಸಂಕಲ್ಪದಿಂದ ಕೇಶವನ್ನು ತ್ಯಜಿಸುತ್ತಾರೆ. ಗೃಹಸ್ಥನಿಂದ ಅದು ಆತನ ಇಚ್ಛೆಯನ್ನು ಕೇಳದೆ ಹೋಗುತ್ತದೆ. ಅನಿತ್ಯ ಭಾವನೆಯನ್ನು ಪ್ರತಿಯೊಬ್ಬನೂ ತನ್ನ ಆತ್ಮಕ್ಕೆ ಹೇಳಿಕೊಳ್ಳಬೇಕು. ನೊಂದವನ ಬಾಯಿ ಮುಚ್ಚಿಸಲು ಅದನ್ನು ಬಳಸುವುದು ಧರ್ಮದ ದುರುಪಯೋಗ.

'ಪೂರ್ವಜನ್ಮದ ಪಾಪ' ಎಂದು ತೀರ್ಪು ಕೊಡುವವರಿಗೂ ಇದೇ ಉತ್ತರ. ಕರ್ಮಸಿದ್ಧಾಂತವು ತನ್ನ ದೋಷವನ್ನು ತಾನೇ ಶೋಧಿಸಿಕೊಳ್ಳುವುದಕ್ಕಾಗಿ ಇದೆ, ನೆರೆಯವನ ಮೇಲೆ ನ್ಯಾಯಾಧೀಶನಾಗಿ ಕೂರುವುದಕ್ಕಾಗಿ ಅಲ್ಲ. ಕಣ್ಣಿಗೆ ಕಾಣುವ ಕಾರಣಗಳನ್ನಾದರೂ ಮೊದಲು ತಿಳಿಯೋಣ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಪುರುಷರ ನೆತ್ತಿ ಬರಿದಾಗುವುದಕ್ಕೆ ಅನುವಂಶೀಯತೆ ಮತ್ತು ಹಾರ್ಮೋನುಗಳು ಬಹುಪಾಲು ಕಾರಣ. ದುಂಡುದುಂಡಾಗಿ ಕೂದಲು ಉದುರುವ ಅಲೊಪೇಸಿಯಾ ಏರಿಯೇಟಾದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲ ಬುಡದ ಮೇಲೆ ಆಕ್ರಮಣ ಮಾಡುತ್ತದೆ, ಅದು ಅಂಟುರೋಗವಲ್ಲ. ಟೈಫಾಯ್ಡ್ ಅಥವಾ ಹೆರಿಗೆಯಾದ 2-3 ತಿಂಗಳ ಬಳಿಕ ಕೂದಲು ರಾಶಿಯಾಗಿ ಉದುರಬಹುದು. ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಕಬ್ಬಿಣಾಂಶದ ಕೊರತೆ, ಥೈರಾಯ್ಡ್ ದೋಷಗಳೂ ಕಾರಣವಾಗುತ್ತವೆ. ಕ್ಯಾನ್ಸರಿನ ಕೆಲವು ಔಷಧಗಳನ್ನು ಆರಂಭಿಸಿದ 2-3 ವಾರಗಳಲ್ಲಿ ಕೂದಲು ಉದುರತೊಡಗುತ್ತದೆ; ಚಿಕಿತ್ಸೆ ಮುಗಿದ ಮೇಲೆ ಬಹುತೇಕರಿಗೆ ಮರಳಿ ಬರುತ್ತದೆ. ಇಂಥವರಿಗೆ ಬೇಕಾದುದು ವೈದ್ಯರ ಸಲಹೆ.

ಈ ದುಃಖವನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರವನ್ನೂ ಖಂಡಿಸಬೇಕು. ನಮ್ಮ ದೇಶದ 1945ರ ಔಷಧ ನಿಯಮಗಳ ಜೆ ಅನುಸೂಚಿಯಲ್ಲಿ ಬೊಕ್ಕತಲೆಯ ಹೆಸರಿದೆ. ಅದರಲ್ಲಿರುವ ವ್ಯಾಧಿಗಳನ್ನು ವಾಸಿಮಾಡುತ್ತೇನೆಂದು ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ. ಆದರೂ 'ಖಚಿತ ಫಲ'ದ ತೈಲಗಳು ಮಾರಾಟವಾಗುತ್ತಲೇ ಇವೆ. ಮಿನಾಕ್ಸಿಡಿಲ್‌ನಂಥ ಪರೀಕ್ಷಿತ ಔಷಧವೂ ಎಲ್ಲರಿಗೆ ಫಲ ಕೊಡದು, ನಿಲ್ಲಿಸಿದರೆ ಗಳಿಸಿದ ಕೂದಲೂ ಉಳಿಯದು. ಸುಳ್ಳೆಂದು ತಿಳಿದೂ ಇಂಥ ಸೀಸೆಗಳನ್ನು ಮಾರುವ ಜೈನ ವ್ಯಾಪಾರಿಯು ತನ್ನ ಸತ್ಯಾಣುವ್ರತಕ್ಕೆ ಏನು ಉತ್ತರ ಹೇಳಿಯಾನು?

ಇನ್ನು ಕ್ಷೌರದ ಮಾತು. ಕತ್ತರಿಯು ಮುಟ್ಟುವುದು ನಿರ್ಜೀವವಾದ ಎಳೆಯನ್ನು ಮಾತ್ರ. ಜೀವಂತ ಬುಡವು ಚರ್ಮದೊಳಗಿದೆ. ಆದ್ದರಿಂದ ಕ್ಷೌರದಿಂದ ಕೂದಲು ಕಡಿಮೆಯೂ ಆಗದು, ದಟ್ಟವೂ ಆಗದು. ದಟ್ಟವಾಗಿ ಬೆಳೆಯಲೆಂದು ಹೆಣ್ಣುಮಗುವಿನ ತಲೆಯನ್ನು ಮತ್ತೆ ಮತ್ತೆ ಬೋಳಿಸುವುದು ವ್ಯರ್ಥ. ಕೂದಲು ತೆಳುವಾದಾಗ ಸುತ್ತಲೂ ಗಿಡ್ಡವಾಗಿ ಕತ್ತರಿಸಿದರೆ ಬರಿದಾದ ಭಾಗ ಎದ್ದು ಕಾಣುವುದಿಲ್ಲ. ಅಡ್ಡಬಾಚಣಿಗೆಯೇ ಅದನ್ನು ಸಾರಿ ಹೇಳುತ್ತದೆ. ಸ್ತ್ರೀಯರು ಜಡೆ, ತುರುಬುಗಳನ್ನು ಬಿಗಿಯಾಗಿ ಎಳೆದು ಕಟ್ಟಬಾರದು. ಸತತ ಸೆಳೆತದಿಂದಲೇ ಹಣೆಯಂಚಿನ ಕೂದಲು ಹೋಗುವುದುಂಟು. ಭುಜದವರೆಗೆ ಕತ್ತರಿಸಿಕೊಳ್ಳುವೆನೆಂದು ಸೊಸೆ ಹೇಳಿದರೆ ಅತ್ತೆಯು ಅದನ್ನು ಅಮಂಗಳವೆಂದು ತಡೆಯದಿರಲಿ. ಕ್ಯಾನ್ಸರ್ ಚಿಕಿತ್ಸೆಗೆ ಮುನ್ನ ಕೂದಲನ್ನು ಗಿಡ್ಡ ಮಾಡಿಸಿದರೆ ಉದುರುವಾಗಿನ ಆಘಾತ ಕಡಿಮೆ. ಬ್ಲೇಡಿನ ಗಾಯದಿಂದ ಸೋಂಕಾಗುವ ಭಯವಿರುವುದರಿಂದ ಆಗ ಮೆಷಿನ್ ಕ್ಷೌರವೇ ಲೇಸು. ಅಂಗಡಿಗೆ ಜನ ಕಡಿಮೆಯಿರುವ ಹೊತ್ತಿನಲ್ಲಿ ಹೋಗಿ, 'ಹೀಗೆ ಕತ್ತರಿಸಿ, ಎಣ್ಣೆಯ ಮಾತು ಬೇಡ' ಎಂದು ಕ್ಷೌರಿಕನಿಗೆ ಮೊದಲೇ ಹೇಳುವುದರಲ್ಲಿ ಸಂಕೋಚವೇನೂ ಬೇಕಿಲ್ಲ. ತನ್ನ ತಲೆಯ ಮೇಲೆ ಮನುಷ್ಯನಿಗೆ ಅಷ್ಟಾದರೂ ಅಧಿಕಾರವಿರಲಿ.

ಬಸದಿಗಳ ಆಡಳಿತ ಮಂಡಳಿಗಳಿಗೆ ಮೂರು ವಿನಂತಿಗಳಿವೆ. ಚಿಕಿತ್ಸೆಯಲ್ಲಿರುವ ಭಕ್ತರು ಟೋಪಿಯನ್ನೋ ವಸ್ತ್ರವನ್ನೋ ಧರಿಸಿ ದರ್ಶನಕ್ಕೆ ಬಂದರೆ ಬಾಗಿಲಲ್ಲಿ ತಡೆದು ಪ್ರಶ್ನಿಸಕೂಡದು. ವಧೂವರರ ಸಮಾವೇಶಗಳ ವೇದಿಕೆಯಲ್ಲಿ ರೂಪದ ಬಗೆಗಿನ ವಿನೋದವನ್ನು ನಿಷೇಧಿಸಬೇಕು. ಪಾಠಶಾಲೆಯಲ್ಲಿ ನಿರ್ವಿಚಿಕಿತ್ಸೆಯನ್ನು ಕಥೆಯಾಗಿ ಹೇಳಿ ಬಿಡದೆ, ಅಡ್ಡಹೆಸರಿಟ್ಟು ಕರೆಯುವುದನ್ನು ಅಲ್ಲಿಯೇ ತಿದ್ದಬೇಕು.

ಕೂದಲು ಕಡಿಮೆಯಿರುವುದನ್ನು ಕೃತಕ ಕೇಶದಿಂದ ಮರೆಮಾಡಿ ಮದುವೆಯಾದರೆಂದು ಆಮೇಲೆ ಜಗಳ ತೆಗೆಯುವ ಕುಟುಂಬಗಳಿವೆ. ವಿವಾಹದಲ್ಲಿ ಮರೆಮಾಚುವುದು ತಪ್ಪೇ. ಆದರೆ ಮೊದಲೇ ನಿಜ ಹೇಳಿದವರನ್ನು ಬಾಗಿಲಿನಿಂದಲೇ ಹಿಂದೆ ಕಳಿಸಿದ ಸಮಾಜಕ್ಕೆ ಆ ತಪ್ಪಿನಲ್ಲಿ ಪಾಲಿಲ್ಲವೇ? ಸತ್ಯಕ್ಕೆ ದಂಡ ವಿಧಿಸುತ್ತ ಸತ್ಯಾಣುವ್ರತವನ್ನು ಬೋಧಿಸಲಾಗದು. ವಚನದಿಂದ ನೋಯಿಸುವುದೂ ಹಿಂಸೆಯೆಂದು ನಂಬಿದ ಧರ್ಮ ನಮ್ಮದು. ನೀರು ಸೋಸಿ ಕುಡಿಯುವ ನಾವು ಮಾತನ್ನೂ ಸೋಸಿ ಆಡೋಣ.