ಚೀಟಿಯ ದರ್ಜೆ, ನಾಣ್ಯದ ದಿಟ

ಹಳೆಯ ನಾಣ್ಯದ ಬೆಲೆ ಅದರ ಲೋಹವೊಂದರಿಂದಲೇ ನಿರ್ಧಾರವಾಗುವುದಿಲ್ಲ. ಅದು ಎಷ್ಟು ಸವೆದಿದೆ, ಎಷ್ಟು ಗೀರುಗಳನ್ನು ಹೊತ್ತಿದೆ ಎಂಬುದನ್ನೂ ಸಂಗ್ರಾಹಕರು ಎಣಿಸುತ್ತಾರೆ. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ಅಲ್ಲಿನ ಹಳೆಯ ತಾಮ್ರದ ಸೆಂಟ್‌ಗಳಿಗೆಂದು 1ರಿಂದ 70ರವರೆಗಿನ ದರ್ಜೆಯ ಅಳತೆಗೋಲೊಂದನ್ನು ರೂಪಿಸಿದರು. ಅದು ಕ್ರಮೇಣ ಇತರ ನಾಣ್ಯಗಳಿಗೂ ಅನ್ವಯವಾಯಿತು. ಆದರೆ ಮಾರುವವನು ಹೇಳುವ ದರ್ಜೆ ಒಂದು, ಕೊಳ್ಳುವವನು ಒಪ್ಪುವ ದರ್ಜೆ ಇನ್ನೊಂದು. ಈ ತಕರಾರಿನ ಪರಿಹಾರಕ್ಕೆ ಮೂರನೆಯವರ ನಿರ್ಣಯ ಬೇಕಾಯಿತು. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಸಂಸ್ಥೆಗಳು ಕೆಲಸ ಆರಂಭಿಸಿದವು. ನಾಣ್ಯವನ್ನು ಪರೀಕ್ಷಿಸಿ, ದರ್ಜೆಯ ಚೀಟಿಯೊಡನೆ ಪಾರದರ್ಶಕ ಪ್ಲಾಸ್ಟಿಕ್ ಕವಚದಲ್ಲಿ ಮುದ್ರಿಸಿಡುವ ಪದ್ಧತಿ ಬಳಕೆಗೆ ಬಂದಿತು. ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿಗಳೂ ಇಂದು ಇಂಥ ಕವಚಗಳಲ್ಲಿ ಮಾರಾಟವಾಗುತ್ತವೆ.

ನಂಬಿಕೆ ಇರುವಲ್ಲಿಗೇ ವಂಚನೆ ಬರುತ್ತದೆ. ಕವಚ ಅಂಥದ್ದೇ, ಚೀಟಿಯೂ ಅಂಥದ್ದೇ. ಒಳಗಿನ ನಿರ್ಣಯ ಮಾತ್ರ ಸುಳ್ಳು. ಸವೆದ ನಾಣ್ಯಕ್ಕೆ ಹೊಸದರ ಅಂಕೆ, ಉಜ್ಜಿ ತೊಳೆದು ಹೊಳಪು ತಂದದ್ದಕ್ಕೆ ಸಹಜ ಕಾಂತಿಯ ಮನ್ನಣೆ. ಕೆಲವೆಡೆ ಮಾರುವವನೇ ಬೇರೊಂದು ಹೆಸರಿನಲ್ಲಿ ದರ್ಜೆ ಕೊಡುವವನೂ ಆಗಿರುತ್ತಾನೆ. ಹೊಸ ಸಂಗ್ರಾಹಕನು ನಾಣ್ಯವನ್ನು ನೋಡದೆ ಅಂಕೆಯನ್ನು ಕೊಳ್ಳುತ್ತಾನೆ.

ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯವು ಶ್ರಾವಕನ ಅಣುವ್ರತಗಳಿಗೆ ಒದಗುವ ಅತಿಚಾರಗಳನ್ನು ಎಣಿಸುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದು ಕೂಟಲೇಖಕ್ರಿಯೆ, ಎಂದರೆ ವಂಚಿಸುವ ಉದ್ದೇಶದಿಂದ ಸುಳ್ಳನ್ನು ಬರೆದಿಡುವುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದು ಪ್ರತಿರೂಪಕ ವ್ಯವಹಾರ. ಇದನ್ನು ವಿವರಿಸುವಾಗ ‘ಸರ್ವಾರ್ಥಸಿದ್ಧಿ’ಯಲ್ಲಿ ಪೂಜ್ಯಪಾದರು ಕೃತಕ ಹೊನ್ನು ಮೊದಲಾದವನ್ನು ತೋರಿ ವಂಚಿಸುವ ವ್ಯವಹಾರವನ್ನೇ ಹೆಸರಿಸುತ್ತಾರೆ. ಸುಳ್ಳು ದರ್ಜೆಯ ಚೀಟಿ ಮೊದಲನೆಯದು. ಅದರ ಬಲದಿಂದ ನಡೆಯುವ ಮಾರಾಟ ಎರಡನೆಯದು. ನಾಣ್ಯ ಅಸಲಿಯಾಗಿದ್ದರೂ ಅದರ ಸ್ಥಿತಿ ನಕಲಿಯಾಗಿರುತ್ತದೆ.

ದರ್ಜೆ ಎಂಬುದು ಅಭಿಪ್ರಾಯ ತಾನೆ, ಅನೇಕಾಂತವು ಎಲ್ಲ ಅಭಿಪ್ರಾಯಗಳಿಗೂ ಎಡೆ ಕೊಡುವುದಿಲ್ಲವೆ ಎಂದು ಕೇಳುವವರುಂಟು. ಒಂದೇ ನಾಣ್ಯವನ್ನು ಒಬ್ಬ ಪರೀಕ್ಷಕ 64 ಎಂದೂ ಇನ್ನೊಬ್ಬ 65 ಎಂದೂ ಪ್ರಾಮಾಣಿಕವಾಗಿ ಹೇಳಬಹುದು. ಅದು ದೃಷ್ಟಿಭೇದ, ದೋಷವಲ್ಲ. ತನ್ನ ಅಪೇಕ್ಷೆಯನ್ನು ಮರೆಮಾಡದೆ, ಉಳಿದ ಅಂಶಗಳನ್ನು ಅಲ್ಲಗಳೆಯದೆ ನುಡಿದದ್ದು ನಯ. ಉಜ್ಜಿದ್ದನ್ನು ಬಲ್ಲವನು ಅದನ್ನು ಮುಚ್ಚಿ ಹೊಳಪನ್ನಷ್ಟೇ ಸಾರಿದರೆ ಅದಕ್ಕೆ ಅನೇಕಾಂತದ ಆಶ್ರಯವಿಲ್ಲ.

ಕಠಿಣ ಪರೀಕ್ಷೆ ಇರುವುದು ಮೋಸಹೋದವನಿಗೆ. ಬೆಲೆ ತೆತ್ತು ತಂದ ನಾಣ್ಯ ಆ ದರ್ಜೆಯದಲ್ಲವೆಂದು ಒಂದು ದಿನ ಅವನಿಗೆ ತಿಳಿಯುತ್ತದೆ. ಕವಚ ಇನ್ನೂ ಒಡೆದಿಲ್ಲ, ಚೀಟಿ ಇನ್ನೂ ಹೊಳೆಯುತ್ತಿದೆ. ‘ಬರೆದವನು ನಾನಲ್ಲ’ ಎಂದುಕೊಂಡು ಅದನ್ನು ಮತ್ತೊಬ್ಬನಿಗೆ ದಾಟಿಸುವುದು ಸುಲಭ. ಆದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳಲ್ಲೂ ಕರ್ಮ ಬಂದು ಸೇರುತ್ತದೆ ಎನ್ನುತ್ತದೆ ಜಿನಧರ್ಮ. ಸುಳ್ಳೆಂದು ತಿಳಿದೂ ಆ ಚೀಟಿಯನ್ನು ಮುಂದೆ ಚಾಚಿದ ಕ್ಷಣದಲ್ಲಿ ಅದರ ಬರಹ ಅವನದೂ ಆಗುತ್ತದೆ. ನಿನ್ನೆ ಅವನು ಕಳೆದುಕೊಂಡದ್ದು ಹಣ. ಇಂದು ಕಳೆದುಕೊಳ್ಳುವುದು ವ್ರತ.

ನಿಜಸ್ಥಿತಿಯನ್ನು ಹೇಳಿ, ನಿಜವಾದ ಬೆಲೆಗೆ ಮಾರಿ, ಉಳಿದ ನಷ್ಟವನ್ನು ತಾನೇ ನುಂಗಿಕೊಳ್ಳುವವನ ಬಳಿ ಆ ವಂಚನೆಯ ಸರಪಣಿ ತುಂಡಾಗುತ್ತದೆ. ಅವನಿಗೆ ಯಾರೂ ದರ್ಜೆಯ ಚೀಟಿ ಬರೆದುಕೊಡುವುದಿಲ್ಲ. ಅದರ ಅಗತ್ಯವೂ ಅವನಿಗಿಲ್ಲ.