ಧಣಿಗಳೇ, ನಿಮ್ಮ ಸಾಕ್ಷಿ ಬೇಕಾಗಿದೆ

ಜಾನ್ ನ್ಯೂಟನ್ ಎಂಬ ಇಂಗ್ಲಿಷ್ ಪಾದ್ರಿ 1807ರ ಡಿಸೆಂಬರ್ 21ರಂದು ಲಂಡನ್ನಿನಲ್ಲಿ ತೀರಿಕೊಂಡ. ಅವನ ನೆನಪನ್ನು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಜನರ ಮುಂದೆ ಇಡುತ್ತಿರುವುದು ಅವನು ಬರೆದ ‘ಅಮೇಜಿಂಗ್ ಗ್ರೇಸ್’ ಹಾಡಿಗಾಗಿ ಅಲ್ಲ. ಅವನು ಬಾಯಿ ಬಿಟ್ಟನಲ್ಲ, ಅದಕ್ಕಾಗಿ. ಬಾಯಿ ಬಿಡಲು ಅಷ್ಟು ತಡ ಮಾಡಿದನಲ್ಲ, ಅದಕ್ಕಾಗಿಯೂ.

ಹದಿನೆಂಟರ ಹುಡುಗನಾಗಿದ್ದಾಗ, 1744ರಲ್ಲಿ, ಬ್ರಿಟಿಷ್ ನೌಕಾಪಡೆ ಅವನನ್ನು ಬಲವಂತವಾಗಿ ಹಿಡಿದು ಯುದ್ಧನೌಕೆ ಹತ್ತಿಸಿತು. ಓಡಿಹೋಗಲು ನೋಡಿ ಸಿಕ್ಕಿಬಿದ್ದ. ಎಲ್ಲರೆದುರು ಬೆನ್ನ ಮೇಲೆ ಛಡಿಯೇಟು ತಿಂದು, ದರ್ಜೆ ಕಳೆದುಕೊಂಡು ಸಾದಾ ಖಲಾಸಿಯಾದ. ಮುಂದೆ ಆಫ್ರಿಕಾದ ಕರಾವಳಿಯಲ್ಲಿ ಗುಲಾಮರ ವ್ಯಾಪಾರಿಯೊಬ್ಬನ ಕೈಕೆಳಗೆ ಹಸಿವು, ಅವಮಾನ ಎರಡನ್ನೂ ಉಂಡ. 1748ರ ಮಾರ್ಚಿನಲ್ಲಿ ನಡುಗಡಲ ಬಿರುಗಾಳಿಗೆ ಸಿಕ್ಕಾಗ ದೇವರನ್ನು ಕೂಗಿದ, ಬದುಕಿದ, ಭಕ್ತನಾದ.

ಕತೆ ಇಲ್ಲಿಗೇ ಮುಗಿದಿದ್ದರೆ ಪ್ರವಚನಕ್ಕೆ ಚೆಂದವಿತ್ತು. ಆದರೆ ಭಕ್ತನಾದ ಮೇಲೆಯೇ ಅವನು ಗುಲಾಮರ ಹಡಗಿಗೆ ಕಪ್ತಾನನಾದದ್ದು! 1750ರಿಂದ 1754ರವರೆಗೆ ಮೂರು ಯಾನ. ಭಾನುವಾರ ಖಲಾಸಿಗಳನ್ನು ಕೂಡಿಸಿ ಪ್ರಾರ್ಥನೆ ನಡೆಸುತ್ತಿದ್ದ. ಅದೇ ಹಲಗೆಯ ಕೆಳಗೆ ಸರಪಳಿ ಬಿಗಿದ ಮನುಷ್ಯರು ಒತ್ತೊತ್ತಾಗಿ ಮಲಗಿರುತ್ತಿದ್ದರು. ದಂಗೆಯ ಸುಳಿವು ಸಿಕ್ಕಾಗ ಹುಡುಗರ ಹೆಬ್ಬೆರಳನ್ನು ತಿರುಪಿಗೆ ಸಿಕ್ಕಿಸಿ ನಿಜ ಹೇಳಿಸಿದ್ದನ್ನು ಹಡಗಿನ ದಿನಚರಿಯಲ್ಲಿ ತಾನೇ ಬರೆದಿಟ್ಟ. ಹಡಗು ಬಿಟ್ಟದ್ದೂ ಮನ ಕರಗಿ ಅಲ್ಲ, ಮೂರ್ಛೆ ಬಂದು ಬಿದ್ದುದರಿಂದ. 1764ರಲ್ಲಿ ಓಲ್ನಿ ಎಂಬ ಊರಿನ ಪಾದ್ರಿಯಾದ. ಹಾಡು ಬರೆದ, ಬಡವರ ಕಷ್ಟ ಕೇಳಿದ, ಊರಿಗೆ ಬೇಕಾದವನಾದ. ಗುಲಾಮರ ವ್ಯಾಪಾರದ ವಿರುದ್ಧ ಮಾತ್ರ ಬಹಿರಂಗವಾಗಿ ದನಿ ಎತ್ತಲಿಲ್ಲ.

ಎತ್ತಿದ್ದು 1788ರಲ್ಲಿ, ಹಡಗು ಬಿಟ್ಟು 34 ವರ್ಷವಾದ ಮೇಲೆ. ಒಂದು ಚಿಕ್ಕ ಪುಸ್ತಕ ಬರೆದು, ಈ ಕೆಲಸ ಮಾಡಿದವನು ನಾನೇ ಎಂದು ಒಪ್ಪಿಕೊಂಡ. ಸೆರೆಸಿಕ್ಕ ಹೆಣ್ಣುಮಕ್ಕಳು ಹಡಗಿಗೆ ಬಂದ ಕೂಡಲೇ ಖಲಾಸಿಗಳ ಪಾಲಾಗುತ್ತಿದ್ದುದನ್ನೂ ಮುಚ್ಚಿಡಲಿಲ್ಲ. ಪಾರ್ಲಿಮೆಂಟಿನ ಪ್ರತಿ ಸದಸ್ಯನಿಗೂ ಆ ಪುಸ್ತಕ ಹೋಯಿತು. ಪ್ರಿವಿ ಕೌನ್ಸಿಲ್ ಮುಂದೆ, ಆಮೇಲೆ ಕಾಮನ್ಸ್ ಸಭೆಯ ಸಮಿತಿಯ ಮುಂದೆ ನಿಂತು ಸಾಕ್ಷಿ ನುಡಿದ. ನೊಂದವರ ಮಾತನ್ನು ಸುಳ್ಳೆಂದು ತಳ್ಳಿಹಾಕುವುದು ವ್ಯಾಪಾರಿಗಳಿಗೆ ಸುಲಭವಿತ್ತು. ಕಪ್ತಾನನ ಮಾತನ್ನು ತಳ್ಳುವುದು ಹೇಗೆ? 1807ರ ಮಾರ್ಚಿನಲ್ಲಿ ಆ ವ್ಯಾಪಾರವನ್ನು ನಿಲ್ಲಿಸುವ ಕಾಯ್ದೆ ಬಂತು. ಅದನ್ನು ಕಂಡೇ ಮುದುಕ ಕಣ್ಣು ಮುಚ್ಚಿದ.

ಇನ್ನು ನಮ್ಮ ಮಾತು. ಮುತ್ತು ಕಟ್ಟಿಸಿ ಹೆಣ್ಣುಮಕ್ಕಳನ್ನು ದೇವದಾಸಿ ಮಾಡಿದ ಮಾತು.

ಎಲ್ಲವ್ವನ ಹೆಸರಿನಲ್ಲಿ ನಮ್ಮ ಕೇರಿಗಳ ಹುಡುಗಿಯರ ಕೊರಳಿಗೆ ಮುತ್ತು ಬಿತ್ತು. ಬಹುಪಾಲು ದಲಿತರ ಮಕ್ಕಳೇ. ಸವದತ್ತಿ ಗುಡ್ಡಕ್ಕೆ, ಕೊಕಟನೂರಿಗೆ ಹೋಗಿ ಬಂದ ಹುಡುಗಿ ದೇವರ ಪಾಲಾಗಿ ಉಳಿಯಲಿಲ್ಲ, ಊರಿನ ಉಳ್ಳವರ ಪಾಲಾದಳು. ಕೆಲವರು ಸಾಂಗ್ಲಿ, ಪುಣೆ, ಮುಂಬೈಯ ಓಣಿ ಸೇರಿದರು. 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ಸರ್ಕಾರವೇ ರಾಜ್ಯದಲ್ಲಿ ಗುರುತಿಸಿದ ಇಂಥ ಮಹಿಳೆಯರು 46,660. ಬಾಗಲಕೋಟೆ ಜಿಲ್ಲೆ ಈ ಲೆಕ್ಕದಿಂದ ಹೊರಗಿಲ್ಲ.

ಲೆಕ್ಕ ಹೆಣ್ಣುಮಕ್ಕಳದ್ದಾಯಿತು. ಗಂಡಸರದ್ದು ಎಲ್ಲಿ?

1982ರ ದೇವದಾಸಿ ನಿಷೇಧ ಕಾಯ್ದೆಯನ್ನೇ ತೆಗೆದು ಓದಿ. ಮುತ್ತು ಕಟ್ಟಿದವರಿಗೆ, ಅದಕ್ಕೆ ನೆರವಾದವರಿಗೆ ಮೂರು ವರ್ಷದವರೆಗೆ ಸಜೆ ಇತ್ತು. ಹೆತ್ತವರು, ಬಂಧುಗಳಾದರೆ ಐದು ವರ್ಷದವರೆಗೆ. ಆಮೇಲೆ ಅವಳನ್ನು ಇಟ್ಟುಕೊಂಡವನಿಗೆ ಅಲ್ಲಿ ಹೆಸರಿಟ್ಟು ಹೇಳಿದ ಶಿಕ್ಷೆಯೇ ಇರಲಿಲ್ಲ. ಬರಗಾಲಕ್ಕೆ, ಬೇನೆಗೆ, ಹರಕೆಗೆ ಹೆದರಿ ಮಗಳನ್ನು ಬಿಟ್ಟುಕೊಟ್ಟ ಅವ್ವ ಅಪರಾಧಿ. ಕತ್ತಲಾದ ಮೇಲೆ ಬಂದು ಬೆಳಕು ಹರಿಯುವ ಮೊದಲು ಹೋದವನು ಊರಿನ ಹಿರಿಯ, ಸೊಸೈಟಿಯ ಚೇರಮನ್, ಜಾತ್ರಾ ಕಮಿಟಿಯ ಸದಸ್ಯ.

ಹೆಣ್ಣುಮಕ್ಕಳು ಬಾಯಿ ಬಿಟ್ಟಾಗಿದೆ. ಎಳವೆಯಲ್ಲೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ ಘಟಪ್ರಭೆಯ ‘ಮಾಸ್’ ಸಂಸ್ಥೆಯ ಮೂಲಕ ತನ್ನಂಥವರನ್ನು ಕೂಡಿಸಿ, ಹೊಸದಾಗಿ ಮುತ್ತು ಕಟ್ಟುವುದನ್ನು ತಡೆಯಲು ಹಳ್ಳಿಹಳ್ಳಿ ತಿರುಗಿದರು. 2018ರಲ್ಲಿ ಪದ್ಮಶ್ರೀ ಬಂದಾಗ ನಾವೂ ಚಪ್ಪಾಳೆ ಹೊಡೆದೆವು. ಚಪ್ಪಾಳೆಗೆ ಖರ್ಚಿಲ್ಲವಲ್ಲ. ತಮ್ಮ ಬದುಕಿನ ಅತ್ಯಂತ ಕಹಿ ಸಂಗತಿಯನ್ನು ವೇದಿಕೆಯ ಮೇಲೆ ಹೇಳುವ ಎದೆಗಾರಿಕೆ ಆ ತಾಯಂದಿರಿಗಿದೆ. ಈ ನಾಲ್ಕು ತಾಲೂಕುಗಳಲ್ಲಿ ಎದ್ದು ನಿಂತು ‘ಹೌದು, ಇವನು ನನ್ನ ಮಗ’ ಎಂದ ಧಣಿ ಎಷ್ಟು ಮಂದಿ?

‘ಅದೆಲ್ಲಾ ಎಂದೋ ನಿಂತುಹೋಗೇತಿ, ಈಗ್ಯಾಕ್ರೀ ಕೆದಕೂದು?’ ಅನ್ನುವವರಿದ್ದಾರೆ. ಮಾಸಾಶನಕ್ಕೆ ಬ್ಯಾಂಕಿನ ಮುಂದೆ ನಿಂತ ಮುದುಕಿಗೆ ನಿಂತಿಲ್ಲ. ಶಾಲೆಯಲ್ಲಿ ‘ಅಪ್ಪನ ಹೆಸರೇನಲೇ?’ ಎಂದಾಗ ನೆಲ ನೋಡಿದ ಹುಡುಗ ಈಗ ನಡುವಯಸ್ಸಿನವ. ಅವನಿಗೂ ನಿಂತಿಲ್ಲ. ಸತ್ತ ಹಿರಿಯರ ಮಾನ ತೆಗೆಯಬೇಕೇ ಎಂದು ಕೇಳುತ್ತೀರಿ. ಬದುಕಿರುವವರ ಮಾನವನ್ನು ಅಡವಿಟ್ಟು ಸತ್ತವರದ್ದನ್ನು ಕಾಯುವುದು ಯಾವ ನ್ಯಾಯ?

ಪಾದ್ರಿಗಳೇ, ಸ್ವಾಮೀಜಿಗಳೇ, ಪಾಪ ಒಪ್ಪಿಕೊಂಡು ಬಂದವನಿಗೆ ‘ದೇವರು ಕ್ಷಮಿಸುತ್ತಾನೆ’ ಎಂದಷ್ಟೇ ಹೇಳಿ ಕಳಿಸಬೇಡಿ. ದೇವರ ಕ್ಷಮೆ ಸಿಕ್ಕಿತೆಂದು ನಂಬಿದ ಮೇಲೂ ನ್ಯೂಟನ್ ಮೂರು ಸಲ ಹಡಗು ತುಂಬಿದ್ದ. ಅವಳ ಮನೆಗೆ ಹೋಗಿ ಬಂದೆಯಾ ಎಂದು ಕೇಳಿ.

ಸರ್ಕಾರದ ಹಣಕ್ಕೆ ಕಾಯದೆ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದ ರೈತರ ನೆಲ ಇದು. 1857ರಲ್ಲಿ ಹತಾರ ಒಪ್ಪಿಸೆವು ಎಂದು ಪ್ರಾಣ ಕೊಟ್ಟ ಹಲಗಲಿ ಬೇಡರ ನೆಲವೂ ಹೌದು. ಇಲ್ಲಿ ಎದೆಗಾರಿಕೆಗೆ ಬರವೆಂದರೆ ನಾನು ನಂಬುವುದಿಲ್ಲ.

2025ರಲ್ಲಿ ವಿಧಾನಮಂಡಲ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. ದೇವದಾಸಿಯ ಮಕ್ಕಳು ತಮ್ಮ ತಂದೆ ಯಾರೆಂದು ಗುರುತಿಸಿ ಕೊಡಿ ಎಂದು ಕೇಳಲು ಅದು ದಾರಿ ತೆರೆಯಿತು. ಆ ದಾರಿಯಲ್ಲಿ ಅವರು ಒಬ್ಬರೇ ನಡೆದು, ರಕ್ತಪರೀಕ್ಷೆಗೆ ಕಾದು, ವಕೀಲರಿಗೆ ದುಡ್ಡು ಸುರಿದು, ಕೋರ್ಟಿನ ಕಟ್ಟೆ ಸವೆಸಬೇಕೇ? ಅವರು ಅರ್ಜಿ ಬರೆಯುವ ಮೊದಲು ನೀವೇ ಅವರ ಮನೆಗೆ ಹೋಗಿ, ಧಣಿಗಳೇ. ಹಗಲಿನಲ್ಲಿ ಹೋಗಿ. ನಿಮ್ಮ ಹೆಂಡತಿ ಮಕ್ಕಳಿಗೆ ಹೇಳಿ ಹೋಗಿ. ಅಲ್ಲಿಂದ ಆ ಮಗನನ್ನೋ ಮಗಳನ್ನೋ ಕರೆದುಕೊಂಡು ತಹಶೀಲ್ದಾರ್ ಕಚೇರಿಗೆ ನಡೆಯಿರಿ. ಹೊಲದ ಉತಾರ ಮರೆಯದೆ ಜೊತೆಗಿರಲಿ.