ಅನೇಕಾಂತದ ಮರೆಯಲ್ಲಿ ಲೆಕ್ಕ

ಬಸದಿಯ ಟ್ರಸ್ಟಿನ ಲೆಕ್ಕವನ್ನು ಯುವಕನೊಬ್ಬ ಸಭೆಯಲ್ಲಿ ಕೇಳಿದರೆ, "ಎಲ್ಲರದೂ ಸರಿಯೇ, ನಮ್ಮದು ಅನೇಕಾಂತ ಧರ್ಮವಲ್ಲವೇ" ಎಂದು ಹಿರಿಯರು ಬಾಯಿ ಮುಚ್ಚಿಸುತ್ತಾರೆ. ಮುಂಬಯಿಯಲ್ಲೂ ಪುಣೆಯಲ್ಲೂ ಇದೇ ಮಾತು. ಅನೇಕಾಂತಕ್ಕೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ.

ಜೈನ ನ್ಯಾಯಶಾಸ್ತ್ರದ ಶಬ್ದಗಳು ವಿಚಾರಕ್ಕೆ ಹರಿತ ಕೊಡಲೆಂದೇ ಹುಟ್ಟಿದವು. ವಸ್ತುವನ್ನು ಒಂದು ದೃಷ್ಟಿಯಿಂದ ಅರಿಯುವುದು 'ನಯ'. ಅದನ್ನೇ ಪೂರ್ಣಸತ್ಯವೆಂದು ಹಟ ಹಿಡಿಯುವುದು 'ನಯಾಭಾಸ'. 'ಸ್ಯಾತ್' ಎಂಬುದು ಯಾವ ಅಪೇಕ್ಷೆಯಿಂದ ಮಾತು ಸತ್ಯವೆಂದು ಗೊತ್ತುಪಡಿಸುವ ಪದ. ಸಾಧ್ಯವನ್ನು ಸಾಧಿಸುವ ಕಾರಣ 'ಹೇತು'. ಕಾರಣದಂತೆ ತೋರಿ ಏನನ್ನೂ ಸಾಧಿಸದಿರುವುದು 'ಹೇತ್ವಾಭಾಸ'. "ಟ್ರಸ್ಟಿಗಳು ಧರ್ಮಿಷ್ಠರು, ಆದ್ದರಿಂದ ಲೆಕ್ಕ ಸರಿ" ಎಂಬುದು ಶುದ್ಧ ಹೇತ್ವಾಭಾಸ. ಧರ್ಮಿಷ್ಠರೂ ಕೂಡುವಾಗ ತಪ್ಪುವುದುಂಟು. ಲೆಕ್ಕಕ್ಕೆ ಪ್ರಮಾಣ ರಸೀದಿ, ವೋಚರು, ಬ್ಯಾಂಕಿನ ಪಾಸ್‌ಬುಕ್ಕು.

ಆಚಾರ್ಯ ಸಮಂತಭದ್ರರು 'ಆಪ್ತಮೀಮಾಂಸೆ'ಯ 114 ಕಾರಿಕೆಗಳಲ್ಲಿ ಆಪ್ತನನ್ನೇ ಪರೀಕ್ಷೆಗೆ ಒಡ್ಡಿದರು. ಬಾಹ್ಯ ವೈಭವ ಹಿರಿಮೆಗೆ ಸಾಕ್ಷಿಯಾಗದೆಂಬ ವಾದದಿಂದಲೇ ಆ ಗ್ರಂಥ ತೊಡಗುತ್ತದೆ. ಆಪ್ತನನ್ನೇ ಪರೀಕ್ಷಿಸಿದ ಪರಂಪರೆಯಲ್ಲಿ ಖಜಾಂಚಿಯನ್ನು ಪ್ರಶ್ನಿಸುವುದು ಅವಿನಯವಾಗುವುದೆಂತು?

ಪಾಠಶಾಲೆಯಲ್ಲಿ ಮಕ್ಕಳಿಂದ ಈ ಶಬ್ದಗಳನ್ನು ಬಾಯಿಪಾಠ ಮಾಡಿಸುವ ಸಮಾಜ, ಅವರು ಬೆಳೆದು ವಾರ್ಷಿಕ ಸಭೆಯಲ್ಲಿ ಅವನ್ನು ಬಳಸಿದಾಗ ಕಿವಿಗೊಡಲಿ.